ಷಡ್ಡಕನ ಹತ್ತು ಬೆರಳು

ನಮ್ಮ ಷಡ್ಡಕನಿಗೇ ಆದದ್ದು ಇದು. ನಗುವವರು ಈಗಲೇ ನಕ್ಕುಬಿಡಿ… ಆಮೇಲೆ ನಗು ಬರುವುದಿಲ್ಲ.

ರಾತ್ರಿ ಹನ್ನೊಂದು ದಾಟಿತ್ತು. ಕಾರ್ಖಾನೆಯ ಹಿಂದಿನ ಪಾಳು ಬಾವಿಯ ಪಕ್ಕದ ದಾರಿಯಲ್ಲಿ ಒಬ್ಬನೇ ಮನೆಗೆ ಹೊರಟಿದ್ದ. ಪ್ಲಾಸ್ಟಿಕ್ಕಿನ ನಲ್ಲಿ ಹಿಡಿಗಳಿಗೆ ಕ್ರೋಮ್ ಪ್ಲೇಟಿಂಗ್ ಮಾಡುವ ಕಾರ್ಖಾನೆ. ಇವನು ಅಲ್ಲಿ ಸೂಪರ್‌ವೈಸರ್. ಹಾಗೆಂದು ಅಂಗಿಯ ಜೇಬಿನ ಮೇಲೆ ಬರೆದಿತ್ತು, ತಲೆಯೊಳಗೆ ಏನೂ ಇರಲಿಲ್ಲ ಬಿಡಿ.

ಹಿಡಿಗಳನ್ನು ಅದ್ದಿ ಲೋಹ ಹಿಡಿಸುವ ಅಲ್ಲಿನ ತೊಟ್ಟಿಗಳನ್ನು ಮೂವತ್ತು ವರ್ಷ ನೋಡಿಕೊಂಡವನು ಒಬ್ಬ ಮುದುಕ. ಎಲ್ಲರಿಗೂ ತೊಟ್ಟಿ ಅಜ್ಜ. ಅವನದು ಒಂದೇ ಹಟ. ತೊಳೆದಿಟ್ಟ ಹಿಡಿಯನ್ನು ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಜಿಡ್ಡು ಕೂತ ಕಡೆ ಲೋಹ ಕಚ್ಚುವುದಿಲ್ಲ. ಇವತ್ತು ಫಳಫಳ ಅಂದರೂ ನಾಳೆ ಗುಳ್ಳೆ ಏಳುತ್ತದೆ. ಹತ್ತಿಯ ಗವಸು ಹಾಕದೆ ಬಂದರೆ ಮಾಲೀಕನನ್ನೂ ಒಳಗೆ ಬಿಡುತ್ತಿರಲಿಲ್ಲ.

"ಇದೇನಜ್ಜಾ, ಮುಟ್ಟಿದರೆ ಮುನಿ ಗಿಡಾನಾ?" ಎಂದು ಷಡ್ಡಕ ಹಲ್ಲು ಕಿರಿಯುತ್ತಿದ್ದ.

ಅಜ್ಜ ಸತ್ತ ವಾರಕ್ಕೇ ಇವನು ಗವಸಿನ ಡಬ್ಬಿಯನ್ನು ಕಸಕ್ಕೆ ಎಸೆದ. ಎರಡು ಸಲ ಸರಕು ಗುಳ್ಳೆ ಎದ್ದು ವಾಪಸ್ ಬಂತು. ಇವನು ನೀರನ್ನು ಬೈದ, ಆಸಿಡ್ಡನ್ನು ಬೈದ, ಕೆಲಸದವರನ್ನು ಬೈದ. ಮೂರನೇ ಸಲ ಬಂದರೆ ನೀನು ಗೇಟಿನ ಹೊರಗೆ ಎಂದ ಮಾಲೀಕ. ಅದಕ್ಕೇ ಆ ರಾತ್ರಿ ಕೂತು, ಬೆಳಗ್ಗೆ ತೊಟ್ಟಿಗೆ ಇಳಿಯಬೇಕಾದ ನಾನೂರು ಹಿಡಿಗಳನ್ನು ತಾನೇ ಕೊಕ್ಕೆಗಳಿಗೆ ಸಿಕ್ಕಿಸಿದ್ದ. ಯಾವ ಕೈಯಲ್ಲಿ? ಬರಿಗೈಯಲ್ಲಿ! ಅದೂ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡ ಕೈ.

ಬಾವಿ ಹತ್ತಿರ ಬಂತು.

ಟಿಕ್… ಟಿಕ್…

ಕೊಕ್ಕೆಗೆ ಹಿಡಿ ಸಿಕ್ಕಿಸುವ ಸದ್ದು. ನಡುನಡುವೆ ಒದ್ದೆ ಬಟ್ಟೆ ಉಜ್ಜುವ ಸದ್ದು, ಸರ್ರ್… ಸರ್ರ್… ಕಟ್ಟೆಯ ಮೇಲೆ ಯಾರೋ ಬೆನ್ನು ಹಾಕಿ ಕೂತಿದ್ದರು.

"ಯಾ… ಯಾರದು?"

"ಕೈ ತೋರ್ಸು."

ತೊಟ್ಟಿ ಅಜ್ಜನ ದನಿ.

"ಅಜ್ಜಾ… ನೀನು ಹೋಗಿ ಮೂರು ತಿಂಗ್ಳಾಯ್ತಲ್ಲ…"

"ನಾನು ಹೋದ್ರೆ ಕೆಲ್ಸಾನೂ ಹೋಗ್ಬೇಕೇನೋ? ತೋರ್ಸು."

ಓಡೋಣವೆಂದುಕೊಳ್ಳುವಷ್ಟರಲ್ಲಿ ಕೈಗಳು ತಾವಾಗಿ ಮುಂದೆ ಹೋದವು. ವಾಪಸ್ ಬಂದ ಸರಕನ್ನು ನೋಡುವ ಹಾಗೆ ಅಜ್ಜ ಅವನ್ನು ತಿರುಗಿಸಿ ನೋಡಿದ.

"ಥೂ… ಇದೂ ಒಂದು ಕೈಯಾ."

ಒದ್ದೆ ಬಟ್ಟೆಯಿಂದ ಒಂದೊಂದೇ ಬೆರಳು ಒರೆಸಿದ. ಸರ್ರ್… ಸರ್ರ್… ಹತ್ತು ಸಲ. ನೋವಿಲ್ಲ, ಬರೀ ತಣ್ಣಗೆ. "ನಡಿ" ಎಂದ. ಷಡ್ಡಕ ಕಾಲಿಗೆ ಬುದ್ಧಿ ಹೇಳಿದ.

ಬೆಳಗ್ಗೆ ನಾನೂರು ಹಿಡಿಗಳೂ ತೊಟ್ಟಿಯಿಂದ ಕನ್ನಡಿಯ ಹಾಗೆ ಎದ್ದವು. ಒಂದು ಗುಳ್ಳೆಯಿಲ್ಲ, ಒಂದು ಚುಕ್ಕೆಯಿಲ್ಲ. ತಿಂಗಳಾದರೂ ಒಂದೂ ವಾಪಸ್ ಬರಲಿಲ್ಲ. ಕೆಲಸ ಉಳಿಯಿತು. "ಎಲ್ಲಾ ನನ್ನ ಕೈಗುಣ" ಎಂದು ಊರೆಲ್ಲ ಜಂಬ ಕೊಚ್ಚಿಕೊಂಡ, ನಾಚಿಕೆಗೆಟ್ಟವನು.

ಆದರೆ ಗೇಟಿನಲ್ಲಿ ಹಾಜರಿಗೆ ಬೆರಳೊತ್ತುವ ಯಂತ್ರ ಇದೆ ನೋಡಿ… ಅವತ್ತಿನಿಂದ ಅದು ಇವನನ್ನು ಗುರುತೇ ಹಿಡಿಯುತ್ತಿಲ್ಲ. ಹೆಬ್ಬೆರಳು ಒತ್ತಿದ, ಕುಂಯ್. ತೋರುಬೆರಳು ಒತ್ತಿದ, ಕುಂಯ್. ಯಂತ್ರವನ್ನೇ ಬದಲಾಯಿಸಿದರು. ಅದೇ ಕತೆ. ಕೊನೆಗೆ ಕಾವಲಿನವನು ಟಾರ್ಚು ಬಿಟ್ಟು ನೋಡಿದ. ಹತ್ತು ಬೆರಳ ತುದಿಯಲ್ಲೂ ಒಂದೇ ಒಂದು ಗೆರೆಯಿಲ್ಲ… ನುಣ್ಣಗೆ.

ಸುಳ್ಳಲ್ಲ. ನಾನೇ ಮುಟ್ಟಿ ನೋಡಿದ್ದೇನೆ. ಇಡೀ ಕಾರ್ಖಾನೆಯಲ್ಲಿ ಪುಸ್ತಕಕ್ಕೆ ಸಹಿ ಹಾಕಿ ಒಳಗೆ ಹೋಗುವವನು ಇವತ್ತಿಗೂ ಅವನೊಬ್ಬನೇ.