ಕೈ ಎಲ್ಲಿ?

ವೇದಿಕೆಯ ನಡುವಿನ ಕುರ್ಚಿಯಲ್ಲಿ ಕುಳಿತಿರುವ ಅಧ್ಯಕ್ಷರೇ (ಆ ಕುರ್ಚಿ ನಾನೇ ಮಾಡಿದ್ದು ಸ್ವಾಮಿ, ಧೈರ್ಯವಾಗಿ ಒರಗಿಕೊಳ್ಳಿ), ಮುಖ್ಯ ಅತಿಥಿಗಳೇ, ನನಗೆ ಉಳಿ ಹಿಡಿಯಲು ಕಲಿಸಿದ ಮೇಷ್ಟ್ರೇ, ಈ ಬಾಲಕರ ಮನೆಯ ಹುಡುಗರೇ, ಮತ್ತು ಇವನ ಭಾಷಣ ಬೇಗ ಮುಗಿಯಲಪ್ಪಾ ಎಂದು ಆಗಲೇ ಹಾರೈಸುತ್ತಿರುವ ಸಭಿಕರೇ,

ಈಗ ಓದಿದ ಸನ್ಮಾನ ಪತ್ರದಲ್ಲಿ ನನ್ನನ್ನು ‘ಮಾದರಿ ಗೃಹಸ್ಥ’ ಎಂದು ಕರೆದಿದ್ದೀರಿ. ಒಳ್ಳೆಯ ಬಡಗಿ ಎಂದಿದ್ದರೆ ಸಾಕಿತ್ತು. ಆದರೂ ಕೊಟ್ಟಿದ್ದನ್ನು ಬೇಡ ಅನ್ನುವ ಜಾಯಮಾನ ನನ್ನದಲ್ಲ. ನನ್ನ ಹೆಂಡತಿಯೂ ಬಂದಿದ್ದಾಳೆ. ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕ ಕೂತಿದ್ದಾಳೆ. ಒಂದು ತಿಂಗಳಿಂದ ಮಗಳನ್ನು ಕರೆದುಕೊಂಡು ತನ್ನ ಅಕ್ಕನ ಮನೆಯಲ್ಲಿದ್ದಾಳೆ; ಅಕ್ಕನಿಗೆ ಹುಷಾರಿಲ್ಲ ಅಂತ ಇಟ್ಟುಕೊಳ್ಳಿ. “ಮೊದಲು ನಿಮ್ಮ ಭಾಷಣ ಕೇಳ್ತೀನಿ. ಮನೆಗೆ ಬರೋದೋ ಬಿಡೋದೋ ಆಮೇಲೆ ಹೇಳ್ತೀನಿ” ಅಂದಿದ್ದಾಳೆ. ನೋಡಿ, ನನ್ನ ಭಾಷಣಕ್ಕೆ ಎಂಥ ಬೆಲೆ! ಅದಕ್ಕೇ ಕೊನೆಯಲ್ಲಿ ಅವಳನ್ನು ವೇದಿಕೆಗೆ ಕರೆಯಬೇಕೆಂದಿದ್ದೇನೆ. ನೀವೆಲ್ಲ ಸೇರಿ ಚಪ್ಪಾಳೆ ಹೊಡೆದರೆ ಅವಳು ಹೇಗೆ ತಾನೇ ಬರದೆ ಇದ್ದಾಳು?

ಇರಲಿ. ನಾನು ಈ ಬಾಲಕರ ಮನೆಗೆ ಬಂದದ್ದು ಹೇಗೆ? ಜೊತೆಯಲ್ಲಿ ಓದುತ್ತಿದ್ದವನೊಬ್ಬನ ತಲೆ ಒಡೆದು ಬಂದೆ. ಅವನು ನಕ್ಕಿದ್ದ, ಅಷ್ಟೇ. ನನ್ನನ್ನು ನೋಡಿ ನಕ್ಕನೋ, ಸುಮ್ಮನೆ ನಕ್ಕನೋ, ಇವತ್ತಿಗೂ ಗೊತ್ತಿಲ್ಲ. ಯಾರು ನಕ್ಕರೂ ನನ್ನನ್ನು ನೋಡಿಯೇ ನಕ್ಕರು ಅನ್ನಿಸುತ್ತಿದ್ದ ಕಾಲ ಅದು. ಅಧ್ಯಕ್ಷರು ತಮ್ಮ ಮಾತಿನಲ್ಲಿ ‘ದಾರಿ ತಪ್ಪಿದ ಮಕ್ಕಳು’ ಎಂದರು. ದಾರಿ ಎಲ್ಲಿ ತಪ್ಪುತ್ತದೆ ಸ್ವಾಮಿ? ಬೀದಿಯಲ್ಲಿಯೇ? ನನ್ನದು ಮನೆಯ ಕಿಟಕಿಯಲ್ಲೇ ತಪ್ಪಿತ್ತು.

ನಮ್ಮಪ್ಪ ಬಸ್ ಡ್ರೈವರ್. ಹೊರಗಿನವರಿಗೆಲ್ಲ ದೇವರಂಥ ಮನುಷ್ಯ. ಸಂಜೆ ಅವನು ಬೀದಿಯ ತಿರುವಿನಲ್ಲಿ ಕಾಣಿಸುವ ಹೊತ್ತಿಗೆ ನಾನು ಕಿಟಕಿಯ ಹತ್ತಿರ ನಿಂತಿರಬೇಕಾಗಿತ್ತು. “ಹೇಗೆ ಬರ್ತಿದಾರೋ?” ಅಂತ ಅಮ್ಮ ಅಡುಗೆಮನೆಯಿಂದ ಕೇಳೋಳು. ನಾನು ಅಪ್ಪನ ನಡಿಗೆ ನೋಡಿ ಹೇಳಬೇಕು. “ಸುಮ್ನೆ ಬರ್ತಿದಾರಮ್ಮ” ಅಂದರೆ ಅಮ್ಮ ಹೊರಗೆ ಬರೋಳು. “ಕೈ ಬೀಸ್ಕೊಂಡು ಬರ್ತಿದಾರೆ” ಅಂದರೆ ಒಳಗಿನಿಂದ ಚಿಲಕ ಹಾಕಿಕೊಳ್ಳೋಳು. ಒಮ್ಮೊಮ್ಮೆ ನಾನು ತಪ್ಪು ಹೇಳುತ್ತಿದ್ದೆ. ಅದರ ಗುರುತು ಅಮ್ಮನ ಹುಬ್ಬಿನ ಮೇಲೆ ಕೊನೆಯವರೆಗೂ ಇತ್ತು. ಹೋಗಲಿ ಬಿಡಿ, ಇದು ಸಂತೋಷದ ಸಮಾರಂಭ.

ಇಲ್ಲಿಗೆ ಬಂದಾಗ ಸಿಕ್ಕಿದವರು ಈ ಮೇಷ್ಟ್ರು. ಗರಗಸಕ್ಕೆ ಅರ್ಧ ಬೆರಳು ಕೊಟ್ಟವರು. ನಾವು ಹಿಂದಿನಿಂದ ಇವರನ್ನು ‘ಒಂಬತ್ತೂವರೆ’ ಅನ್ನುತ್ತಿದ್ದೆವು. ಕ್ಷಮಿಸಿ ಮೇಷ್ಟ್ರೇ, ನಿಮಗೆ ಗೊತ್ತಿತ್ತೆಂದು ನಮಗೂ ಗೊತ್ತಿತ್ತು. ಯಂತ್ರದ ಗರಗಸ ಶುರು ಮಾಡುವ ಮೊದಲು ಇವರು ಸ್ವಿಚ್ಚಿನ ಹತ್ತಿರ ನಿಂತು “ಕೈ ಎಲ್ಲಿ?” ಎಂದು ಕೂಗುತ್ತಿದ್ದರು. ನಾವೆಲ್ಲ ಎರಡೂ ಕೈ ಮೇಲೆತ್ತಿ “ಇಲ್ಲಿ!” ಎನ್ನಬೇಕು. ಒಬ್ಬನ ಒಂದು ಕೈ ಕಾಣದಿದ್ದರೂ ಗರಗಸ ತಿರುಗುತ್ತಿರಲಿಲ್ಲ. ನನ್ನ ವರ್ಕ್‌ಶಾಪಿನಲ್ಲಿ ಇವತ್ತಿಗೂ ಅದೇ ಪದ್ಧತಿ. ಒಂದೇ ಒಂದು ಬೆರಳೂ ಹೋಗಿಲ್ಲ.

ಇನ್ನು ಗೃಹಸ್ಥನ ವಿಷಯ. ಹೆಂಡತಿಯ ಮೇಲೆ ನಾನು ಕೈ ಎತ್ತಿದವನಲ್ಲ. ಎದೆ ತಟ್ಟಿ ಹೇಳುತ್ತೇನೆ. ಅಪ್ಪನ ಹಾಗೆ ಆಗಬಾರದೆಂದು ಹಟ ಹಿಡಿದಿದ್ದೆ, ಹಾಗೆ ಆಗಲೂ ಇಲ್ಲ. ಕೋಪ ಬರುತ್ತದೆ, ಯಾರಿಗೆ ಬರುವುದಿಲ್ಲ? ತಟ್ಟೆ ಹಾರಿರಬಹುದು. ಅವಳ ಫೋನು ಗೋಡೆಗೆ ಬಡಿದಿರಬಹುದು. ಅವಳು ಆಫೀಸಿನಿಂದ ಹೊರಡುವುದು ತಡವಾದರೆ ಹೋಗಿ ಗೇಟಿನ ಹತ್ತಿರ ನಿಲ್ಲುತ್ತೇನೆ. “ಯಾರ ಜೊತೆ ನಗ್ತಾ ಇದ್ದೆ?” ಅಂತ ಕೇಳುತ್ತೇನೆ. ಗಂಡ ಕೇಳದೆ ಪಕ್ಕದ ಮನೆಯವನು ಕೇಳುತ್ತಾನೆಯೇ? ಒಂದು ದಿನ ಜಗಳದ ನಡುವೆ ಅವಳು ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ಝಾಡಿಸಿ ಒದ್ದೆ. ಬಾಗಿಲು ಚೌಕಟ್ಟಿನ ಸಮೇತ ಬಂತು. ಬಡಗಿಯ ಮನೆ ನೋಡಿ, ಮಾರನೆಯ ದಿನವೇ ಹೊಸ ಬಾಗಿಲು! ಚಿಲಕ ಮಾತ್ರ ಹಾಕಲಿಲ್ಲ. ಗಂಡ ಹೆಂಡತಿ ನಡುವೆ ಚಿಲಕ ಯಾಕೆ, ಅಲ್ಲವೇ?

ಇದು ತಮಾಷೆಯ ಮಾತು, ನೀವು ನಗಬಹುದು.

ಸರಿ, ಮಗಳ ವಿಷಯ ಹೇಳುತ್ತೇನೆ, ಅದಕ್ಕಾದರೂ ನಗುತ್ತೀರಿ. ಒಂದನೇ ಕ್ಲಾಸು, ಮಹಾ ಚೂಟಿ. ಒಮ್ಮೆ ವರ್ಕ್‌ಶಾಪಿಗೆ ಬಂದು ನಮ್ಮ ಪದ್ಧತಿ ನೋಡಿಕೊಂಡು ಹೋದಳು. ಅವತ್ತಿನಿಂದ ಮನೆಯಲ್ಲೂ ಅದೇ ಆಟ. ಸಂಜೆ ನಾನು ಬೆಲ್ ಮಾಡಿದರೆ ಬಾಗಿಲು ಒಂದಿಷ್ಟೇ ತೆರೆದು, “ಅಪ್ಪಾ, ಕೈ ಎಲ್ಲಿ?” ಅನ್ನುತ್ತಾಳೆ. ನಾನು ಚೀಲ ಕೆಳಗಿಟ್ಟು ಎರಡೂ ಕೈ ಎತ್ತಿ “ಇಲ್ಲಿ!” ಅನ್ನಬೇಕು. ಆಗ ಅವಳು ನನ್ನ ಮುಖವನ್ನೊಮ್ಮೆ ನೋಡಿ, ಒಳಗೆ ತಿರುಗಿ ಕೂಗುತ್ತಾಳೆ: “ಅಮ್ಮಾ, ಪರವಾಗಿಲ್ಲ, ಬಾ.”

ಮೇಷ್ಟ್ರೇ, ನೀವೂ ನಗಲಿಲ್ಲ.

“ಅಮ್ಮಾ, ಪರವಾಗಿಲ್ಲ, ಬಾ.”

ಒಂದು ನಿಮಿಷ. ಸ್ವಲ್ಪ ನೀರು ಕೊಡಿ.

ಕ್ಷಮಿಸಿ. ಮನೆಯಲ್ಲಿ ಇದನ್ನೇ ನೂರು ಸಲ ಕೇಳಿದ್ದೇನೆ, ನಕ್ಕಿದ್ದೇನೆ, ಮಗುವನ್ನು ಎತ್ತಿ ಮುದ್ದಾಡಿದ್ದೇನೆ. ಮೈಕಿನಲ್ಲಿ ನನ್ನದೇ ಬಾಯಿಂದ ಕೇಳಿದಾಗ ಬೇರೆ ಥರ ಕೇಳಿಸಿತು. ಅವಳು ಕಿಟಕಿಯ ಹತ್ತಿರ ನಿಲ್ಲುವುದಿಲ್ಲ, ಬಾಗಿಲ ಹತ್ತಿರ ನಿಲ್ಲುತ್ತಾಳೆ, ಅಷ್ಟೇ ವ್ಯತ್ಯಾಸ. ನಮ್ಮಮ್ಮನಿಗಾದರೂ ಚಿಲಕ ಇತ್ತು. ಅಯ್ಯೋ, ಕೈ ಎತ್ತಿದವನಲ್ಲ ಎಂದು ಈಗಷ್ಟೇ ಎದೆ ತಟ್ಟಿಕೊಂಡೆನಲ್ಲ! ಆ ಮಗು ದಿನವೂ ನನ್ನಿಂದ ಕೈ ಎತ್ತಿಸಿಯೇ ಅಮ್ಮನನ್ನು ಹೊರಗೆ ಕರೆಯುತ್ತಿತ್ತು.

ಅಧ್ಯಕ್ಷರೇ, ಈ ಪತ್ರವನ್ನು ಮೇಜಿನ ಮೇಲೆ ಬಿಟ್ಟು ಹೋಗುತ್ತೇನೆ, ತಪ್ಪು ತಿಳಿಯಬೇಡಿ. ಹುಡುಗರೇ, ನಾನು ಅಪ್ಪನ ಹಾಗಾಗಲಿಲ್ಲ ಅಂದೆನಲ್ಲ, ಅದನ್ನು ಬರೆದುಕೊಂಡಿದ್ದರೆ ಹೊಡೆದುಹಾಕಿ. ಅಪ್ಪ ಕೈಯಿಂದ ಮಾಡುತ್ತಿದ್ದುದನ್ನು ನಾನು ಬಾಗಿಲಿನಿಂದ, ಫೋನಿನಿಂದ, ಪ್ರಶ್ನೆಯಿಂದ ಮಾಡಿದೆ. ಹೆದರಿಕೊಂಡು ಬೆಳೆದವನಿಗೆ ಹೆದರಿಸುವುದು ಸಲೀಸಾಗಿ ಬರುತ್ತದೆ. ಅದು ಕೋಪ ಅಂತ ಅನ್ನಿಸುವುದಿಲ್ಲ, ಪ್ರೀತಿ ಅಂತಲೇ ಅನ್ನಿಸುತ್ತದೆ. ಯಾರಾದರೂ ನಗುವಾಗ ನಿಮ್ಮ ಮೈ ಉರಿದರೆ ಈಗಲೇ ಹೋಗಿ ಮೇಷ್ಟ್ರ ಹತ್ತಿರ ಹೇಳಿ. ನಾನು ಹೇಳಲಿಲ್ಲ. ಅವರು ಕೇಳುತ್ತಿದ್ದರು, ನಾನೇ ಹೇಳಲಿಲ್ಲ.

ಕೊನೆಯಲ್ಲಿ ಒಬ್ಬರನ್ನು ವೇದಿಕೆಗೆ ಕರೆಯುತ್ತೇನೆ ಎಂದಿದ್ದೆ. ಕರೆಯುವುದಿಲ್ಲ. ದಯವಿಟ್ಟು ಯಾರೂ ತಿರುಗಿ ನೋಡಬೇಡಿ, ಚಪ್ಪಾಳೆಯೂ ಬೇಡ. ಬಾಗಿಲ ಹತ್ತಿರ ನಿಂತಿರುವವರು ಸ್ವಲ್ಪ ಪಕ್ಕಕ್ಕೆ ಸರಿದು ದಾರಿ ಬಿಡಿ.

ಇವತ್ತೇ ಹೋಗಿ ಆ ಕೋಣೆಗೆ ಚಿಲಕ ಹಾಕುತ್ತೇನೆ, ಒಳಗಿನಿಂದ ಹಾಕಿಕೊಳ್ಳುವ ಚಿಲಕ. ಮನೆಯ ಕೀಲಿ ಎರಡನ್ನೂ ಮೇಷ್ಟ್ರ ಕೈಗೆ ಕೊಡುತ್ತೇನೆ, ಅವರು ಅಕ್ಕನ ಮನೆಗೆ ತಲುಪಿಸಲಿ. ಮನೆ ತಾಯಿ ಮಗಳದು. ನಾನು ವರ್ಕ್‌ಶಾಪಿನಲ್ಲಿರುತ್ತೇನೆ, ಗೇಟಿನ ಹತ್ತಿರ ಬಂದು ನಿಲ್ಲುವುದಿಲ್ಲ. ಯಾವತ್ತಾದರೂ ಬಾಗಿಲು ತೆರೆಯಬೇಕೋ ಬೇಡವೋ, ಒಳಗಿರುವವರು ಹೇಳಲಿ.

ಇಷ್ಟು ಹೊತ್ತು ನಗದೆ ಕೇಳಿದಿರಿ, ಅದಕ್ಕಾಗಿ ನಿಮ್ಮೆಲ್ಲರಿಗೂ ವಂದನೆಗಳು. ಮಗಳಿಗೆ ಒಂದು ಮಾತು, ಅವಳ ಅಮ್ಮ ಹೇಳಿದರೆ ಹೇಳಲಿ: ಇನ್ನು ನೀನು ಬಾಗಿಲಲ್ಲಿ ನಿಲ್ಲಬೇಡ ಪುಟ್ಟಿ, ಹೋಗಿ ಆಡಿಕೋ. ಅಪ್ಪನ ಕೈ ಎರಡೂ ಇಲ್ಲಿವೆ.

ನಮಸ್ಕಾರ.