ಬಾಗಿಲವರೆಗಿನ ನಡಿಗೆ

ಗಂಡನ ತಿಥಿ ಮುಗಿದು ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಹುಣಸೂರಿನ ಆಸ್ಪತ್ರೆಗೆ ಹೋದೆ. ವಾರ್ಡಿನಲ್ಲಿ, ಹೊಟ್ಟೆಯ ಆಪರೇಷನ್ ಆಗಿದ್ದ ಮುದುಕನೊಬ್ಬನನ್ನು ಹೆಂಡತಿ ಮೆಲ್ಲಗೆ ನಡೆಸುತ್ತಿದ್ದಳು.

“ದಿಂಬ ಒಟ್ಟೆಗೆ ಅದುಮ್ಕೊಂಡು ಎಜ್ಜೆ ಇಡು. ನೋವು ತಡೀತದಂತೆ.”

“ಅದುಮಿದ್ರೂ ಆಕಿರೋ ಒಲಿಗೆ ಎಳೀತದೆ ಕಣೇ.”

“ನಡೀದಿದ್ರೆ ಕಾಲಲ್ಲಿ ರಕ್ತ ಗಟ್ಟಿ ಆಯ್ತದೆ ಅಂದ್ರು ಡಾಕ್ಟ್ರು. ಬಾಗ್ಲುಗಂಟ ಬಾ.”

“ಬಾಗ್ಲು ಕಾಕನಕೋಟೆ ಕಾಡಿಗಿಂತ ದೂರ ಆಗ್ಬುಟ್ಟದೆ.”

“ಆನೆ ಅಟ್ಟುಸ್ಕೊಂಡು ಬಂದ್ರೆ ಓಡ್ತೀಯ ಬುಡು.”

“ನಗಿಸ್ಬ್ಯಾಡ ಕಣೇ, ಸಾಯ್ತೀನಿ!”

“ನಾನೇನ್ ಮಾಡ್ಲಯ್ಯ? ನಿನ್ ನೋವ ನಾನು ಒತ್ಕೊಳಕ್ಕಾಯ್ತದಾ?”

“ಕೈ ಬುಡ್ಬ್ಯಾಡ.”

ಅವರು ಬಾಗಿಲು ದಾಟಿ ಹೋದರು. ನನ್ನ ಗಂಡ ಆಪರೇಷನ್ ಆದಮೇಲೆ ಈ ವಾರ್ಡಿನಿಂದ ಎರವಲು ತಂದಿದ್ದ ಹೊಟ್ಟೆಯ ಬೆಲ್ಟನ್ನು ನರ್ಸಿಗೆ ಕೊಟ್ಟೆ.

“ಕಟ್ಕೊಂಡು ನಡೆದ್ರಾ? ನೋವು ಕಮ್ಮಿ ಆಯ್ತಾ ಅವ್ರಿಗೆ?”

“ಆಯ್ತು” ಎಂದೆ.