ಕುವೈತಿನ ಪೆಟ್ರೋಲು, ನಾಗಮಂಗಲದ ದಾರಿ

ಮಾನ್ಯ ಅಧ್ಯಕ್ಷರೇ, ಪ್ರಾಂಶುಪಾಲರೇ, ಈ ಕೆ.ಆರ್. ಪೇಟೆ ಕಾಲೇಜಿನಲ್ಲಿ ನನ್ನ ಜೊತೆ ಮೂವತ್ತು ವರ್ಷ ಸೀಮೆಸುಣ್ಣದ ಪುಡಿ ಕುಡಿದ ಗೆಳೆಯರೇ, ನಿದ್ದೆ ತಡೆದು ಕೂತಿರುವ ವಿದ್ಯಾರ್ಥಿಗಳೇ, ಎಲ್ಲ ಸಭಿಕರೇ,

ಕಷ್ಟದ ಅರ್ಥಶಾಸ್ತ್ರವನ್ನು ಸುಲಭವಾಗಿ ತಿಳಿಸಿದ ಮೇಷ್ಟ್ರು ಎಂದು ನನಗೆ ಈ ಶಾಲು ಹೊದಿಸಿದ್ದೀರಿ. ಸಂತೋಷ. ತಿಳಿಸಿದ್ದೇನೋ ಸರಿ, ತಿಳಿದುಕೊಂಡವರು ಯಾರು? ಅದು ನನಗಿನ್ನೂ ಸ್ಪಷ್ಟವಾಗಿಲ್ಲ. ಪೆಟ್ರೋಲಿನ ಬೆಲೆ ಒಂದೊಂದು ದೇಶದಲ್ಲಿ ಒಂದೊಂದು ಥರ ಯಾಕೆ ಎಂಬ ಬಗ್ಗೆ ಮಾತಾಡಿ ಎಂದು ಪ್ರಾಂಶುಪಾಲರು ಹೇಳಿದ್ದಾರೆ. ಆಡುತ್ತೇನೆ.

ಲೀಟರಿಗೆ ನೂರು ದಾಟಿದ ವರ್ಷ. ಪಾಂಡವಪುರದಲ್ಲಿ ನಮ್ಮ ಪಕ್ಕದ ಮನೆಯ ಹೊನ್ನಪ್ಪ, ಹಸು ಸಾಕಿ ತಮ್ಮ ವ್ಯಾನಿನಲ್ಲೇ ಡೈರಿಗೆ ಹಾಲು ಹಾಕುವವರು, ಒಂದು ಬೆಳಿಗ್ಗೆ ಬಂಕಿನಲ್ಲಿ ನನ್ನನ್ನು ಹಿಡಿದುಕೊಂಡರು. ಅವರ ಮಗಳು ಶ್ವೇತ ಕುವೈತಿನಲ್ಲಿ ನರ್ಸು.

"ಮೇಷ್ಟ್ರೇ, ನನ್ ಮಗಳಿರೋ ಕಡೆ ಲೀಟರ್‌ಗೆ ಮೂವತ್ ರೂಪಾಯೂ ಇಲ್ವಂತೆ. ನಮ್ಗೆ ಮಾತ್ರ ಯಾಕಿಂಗೆ?"

ಹೇಳಿದೆ. ಅಲ್ಲಿ ಎಣ್ಣೆ ಅವರ ನೆಲದಲ್ಲೇ ಇದೆ, ಸರ್ಕಾರ ಅಗ್ಗವಾಗಿ ಕೊಡುತ್ತದೆ. ನಾವು ಹೊರಗಿನಿಂದ ಡಾಲರ್ ಕೊಟ್ಟು ತರಿಸುತ್ತೇವೆ. ಅದರ ಮೇಲೆ ಕೇಂದ್ರದ ಸುಂಕ, ರಾಜ್ಯದ ತೆರಿಗೆ. ನಾರ್ವೆಯಲ್ಲಿ ಎಣ್ಣೆ ಇದ್ದೂ ತೆರಿಗೆ ಜಾಸ್ತಿ, ನಮಗಿಂತಲೂ ದುಬಾರಿ.

ಹೊನ್ನಪ್ಪ ಗಾಬರಿಯಾದರು. "ಎಣ್ಣೆ ಇದ್ದೋರ್ಗೂ ದುಬಾರಿನಾ? ಅಂಗಾರೆ ನಾನು ಬೈಯೋದಾದ್ರೂ ಯಾರ್ನ ಬೈಯ್ಲಿ ಹೇಳಿ?"

ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ನನಗೆ ಸಿಟ್ಟು ಬಂತು. ಆ ಪ್ರಶ್ನೆ ಪಠ್ಯದಲ್ಲಿರಲಿಲ್ಲ.

ಆ ತಿಂಗಳೇ ನಾನು ಕಾರಿಗೆ ಹೊದಿಕೆ ಹಾಕಿ ಶೆಡ್ಡಿನಲ್ಲಿ ನಿಲ್ಲಿಸಿಬಿಟ್ಟೆ. ತಿಳಿದವನು ಕೈ ಹಿಡಿದು ಖರ್ಚು ಮಾಡಬೇಕಲ್ಲವೇ? ನನ್ನ ಹೆಂಡತಿ ಶಾರದಳ ತವರು ನಾಗಮಂಗಲ. ತಾಯಿಗೆ ಎಂಬತ್ತೆರಡು, ಹಾಸಿಗೆ ಹಿಡಿದಿದ್ದರು. ಬಸ್ಸು ಹತ್ತಿದರೆ ಶಾರದಳಿಗೆ ವಾಂತಿ. "ಯಾವಾಗ ಹೋಗೋದು?" ಎಂದಳು. ಕಚ್ಚಾತೈಲದ ಬೆಲೆ ಇಳಿಯುವ ಸೂಚನೆಗಳನ್ನು ವಿವರಿಸಿದೆ. ಹಾಳೆಯ ಮೇಲೆ ಗೆರೆ ಎಳೆದು ತೋರಿಸಿದೆ. ಆಕೆ ಪೂರ್ತಿ ಕೇಳಿಸಿಕೊಂಡು ಹೇಳಿದಳು: "ನಾನು ಕೇಳಿದ್ದು ಅಮ್ಮನ್ನ ನೋಡೋಕೆ ಯಾವಾಗ ಹೋಗೋದು ಅಂತ."

ಎರಡು ವಾರ ಕಳೆದವು. ಒಂದು ಸಂಜೆ ಕಾಲೇಜಿನಿಂದ ಬಂದರೆ ಮನೆಗೆ ಬೀಗ. ಹೊನ್ನಪ್ಪನವರ ಹೆಂಡತಿ ಮಾಯಮ್ಮ ಬೀಗದ ಕೈ ಕೊಟ್ಟು, "ಅಮ್ಮಾವ್ರ ತಾಯಿಗೆ ಕಾಯ್ಲೆ ಜೋರಾಗದೆ ಅಂತ ಫೋನ್ ಬಂತು. ನಮ್ಮೋರು ವ್ಯಾನಲ್ಲಿ ಕರ್ಕೊಂಡೋದ್ರು" ಎಂದರು. ಓಡಿಹೋಗಿ ಕಾರಿನ ಹೊದಿಕೆ ತೆಗೆದೆ. ಬ್ಯಾಟರಿ ಸತ್ತಿತ್ತು. ಕೊನೆಯ ಬಸ್ಸೂ ಹೋಗಿಯಾಗಿತ್ತು.

ಬೆಳಗಿನ ಬಸ್ಸಿಗೆ ನಾಗಮಂಗಲ ಮುಟ್ಟಿದಾಗ ಎಲ್ಲ ಮುಗಿದಿತ್ತು. ಅತ್ತೆಯವರು ಮಗಳ ಕೈಯಿಂದ ಎರಡು ಚಮಚ ಗಂಜಿ ಕುಡಿದು, ಅವಳ ತೊಡೆಯ ಮೇಲೇ ಹೋಗಿದ್ದರು. ಹೊನ್ನಪ್ಪ ಜಗಲಿಯ ಮೇಲೆ ಕೂತಿದ್ದರು. ನಾನು ಹತ್ತಿರ ಹೋಗಿ, "ಪೆಟ್ರೋಲಿನ ದುಡ್ಡು..." ಎಂದೆ.

"ಏ, ಬುಡಿ ಮೇಷ್ಟ್ರೇ! ಇದಾ ಹೊತ್ತು ಆ ಮಾತಿಗೆ?"

ಬೆಲೆ ಏರಿತೆಂದು ದಿನಾ ಬೈಯುತ್ತಿದ್ದವರು ಅವರು. ಅದೇ ಬಂಕು, ಅದೇ ಬೆಲೆ. ಬೆಲೆ ಏರಿದರೆ ಜನ ಕಡಿಮೆ ಕೊಳ್ಳುತ್ತಾರೆ ಎಂದು ಇದೇ ಕೊಠಡಿಗಳಲ್ಲಿ ಮೂವತ್ತು ವರ್ಷ ಪಾಠ ಮಾಡಿದೆ. ಕುವೈತಿಗೂ ನಮಗೂ ಯಾಕೆ ವ್ಯತ್ಯಾಸ ಎಂದು ಕೇಳಿ, ಹೇಳುತ್ತೇನೆ. ನಮ್ಮ ಮನೆಗೂ ಪಕ್ಕದ ಮನೆಗೂ ಯಾಕೆ? ನನಗೆ ಗೊತ್ತಿಲ್ಲ ಸಭಿಕರೇ.

ವೈಕುಂಠ ಸಮಾರಾಧನೆ ಮುಗಿದ ಮೇಲೆ ಶಾರದ ಕಾರಿಗೆ ಹೊಸ ಬ್ಯಾಟರಿ ಹಾಕಿಸಿದಳು. ಐವತ್ತಾರನೆಯ ವಯಸ್ಸಿನಲ್ಲಿ, ಹೊನ್ನಪ್ಪನವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸಕ್ಕರೆ ಕಾರ್ಖಾನೆ ರಸ್ತೆಯಲ್ಲಿ ಓಡಿಸಲು ಕಲಿತಳು. ಬಂಕಿನಲ್ಲಿ ಆಕೆ ಬೆಲೆಯ ಬೋರ್ಡು ನೋಡುವುದಿಲ್ಲ.

ಇವತ್ತಿನ ಸಮಾರಂಭಕ್ಕೆ ಬಾ ಎಂದೆ. "ಮಾಯಮ್ಮನ ಜೊತೆ ಆದಿಚುಂಚನಗಿರಿಗೆ ಹೋಗ್ತಿದ್ದೀನಿ" ಎಂದು ಕಾರು ತೆಗೆದುಕೊಂಡು ಹೋದಳು. ಸಿಟ್ಟಿನಿಂದ ಹೋದಳೋ, ಮಾಯಮ್ಮನಿಗೆ ಮೊದಲೇ ಮಾತು ಕೊಟ್ಟಿದ್ದಳೋ? ಕೇಳಿದರೆ ಹೇಳುತ್ತಾಳೆ. ಅತ್ತೆಯವರು ಹೋಗಿ ನಾಲ್ಕು ವರ್ಷವಾಯಿತು, ನಾನು ಏನನ್ನೂ ಕೇಳಿಲ್ಲ. ವಿವರಿಸುವುದು ಗೊತ್ತು, ಕೇಳುವುದು ಹೇಗೆ ಶುರುಮಾಡಬೇಕೋ ತಿಳಿಯುತ್ತಿಲ್ಲ.

ಪಾಂಡವಪುರದ ಬಸ್ಸಿಗೆ ಹೊತ್ತಾಯಿತು. ಶಾಲು ಹೊದಿಸಿದವರಿಗೂ, ಎದ್ದು ಹೋಗದೆ ಕೂತವರಿಗೂ ನಾನು ಕೃತಜ್ಞ. ನಮಸ್ಕಾರ.